ನಡೆಯದ ಹೆಜ್ಜೆ

ಕೆರೆಯಂಗಳದ ಜೇಡಿಮಣ್ಣು ಅಗೆಯಲು ಕರೆ ಬಂದ ದಿನ ಚಿಕ್ಕತಾಯಿಯ ಮನೆಯಲ್ಲಿ ಹಿಟ್ಟಿರಲಿಲ್ಲ. ಮಡಕೆಯ ತಳಕ್ಕೆ ಅಂಟಿದ್ದ ಒಂದು ಹಿಡಿ ರಾಗಿಹಿಟ್ಟನ್ನು ಬೆರಳಿನಿಂದ ಕೆರೆದು, ನೀರು ಹೆಚ್ಚಾಗಿ ಹಾಕಿ ಅಂಬಲಿ ಕಾಯಿಸಿ, ಮೂರು ಮಕ್ಕಳಿಗೆ ತೆಂಗಿನ ಚಿಪ್ಪಿನಲ್ಲಿ ಹಂಚಿದಳು. ಕೊನೆಯ ಕೂಸು ಚಿಪ್ಪನ್ನು ನೆಕ್ಕಿ ಮತ್ತೆ ಅವಳ ಮುಂದೆ ಹಿಡಿಯಿತು.

"ಮದ್ಯಾನಕ್ಕ ತತ್ತೀನಿ ಕೂಸೇ" ಎಂದು ಅದರ ಬಾಯಿ ಒರೆಸಿದಳು. ಮಧ್ಯಾಹ್ನಕ್ಕೆ ಏನು ತರುವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಅವತ್ತು ಕೂಲಿ ಇಲ್ಲ. ಸರ್ಕಾರದ ಕೆಲಸ, ಬಿಟ್ಟಿ.

ಮಣ್ಣು ಏಕೆ ಎಂದು ಯಾರೂ ಹೇಳಿರಲಿಲ್ಲ. ಕೇರಿಯ ಹನ್ನೆರಡು ಹೆಂಗಸರು ಹೊತ್ತು ತಂದು ಚಾವಡಿಯ ಮುಂದೆ ಸುರಿದರು. ನೀರು ಹಾಕಿ ತುಳಿದರು. ಹೋಳಿಗೆಯ ಕಣಕದ ಹಾಗೆ ನುಣ್ಣಗಾಗಬೇಕು ಎಂದ ಪೊಲೀಸ್ ದಫೇದಾರ.

"ಓಳ್ಗೆ ಕಣಕ ಎಂಗಿರ್ತದೆ ಅಂತ ನಾವೇನ್ ಕಂಡಿದ್ದವಾ ಸಾ? ಒಂದ್ಸಲ ತಿನ್ಸಿ ತೋರ್ಸಿ, ಆಮೇಲ್ ತುಳೀತೀವಿ" ಎಂದಳು ಮಹಾದೇವಮ್ಮ. ಅವಳ ಸೊಂಟದಲ್ಲಿ ಆರು ತಿಂಗಳ ಮಗು. ಹೆಂಗಸರೆಲ್ಲ ನಕ್ಕರು. ದಫೇದಾರನೂ ಮೀಸೆಯ ಒಳಗೆ ನಕ್ಕ.

ಅದು ಲಡಾಯಿ ಮುಗಿದ ಮಾರನೆಯ ವರ್ಷ. ಕೊಳ್ಳೇಗಾಲದ ಸೀಮೆ ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಬಟ್ಟೆ, ಸೀಮೆಎಣ್ಣೆ ಎಲ್ಲವೂ ಕಾರ್ಡಿನ ಮೇಲೆ. ಹೊಲವಿದ್ದವರು ಬೆಳೆದ ರಾಗಿಯಲ್ಲಿ ಇಷ್ಟು ಪಾಲನ್ನು ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಅಳೆಯಬೇಕು. ಅಲ್ಲಿ ಕಳವಾಯಿತು, ಇಲ್ಲಿ ಕಳವಾಯಿತು ಎಂಬ ಸುದ್ದಿ ದಿನಕ್ಕೊಂದು. ಎಲಚಿಪಾಳ್ಯದ ಹೊರಠಾಣೆಗೆ ಬಂದ ಹೊಸ ಸಬ್ ಇನ್ಸ್‌ಪೆಕ್ಟರು ಸುತ್ತಲ ಒಂಬತ್ತು ಹಳ್ಳಿಗಳಲ್ಲಿ ಊರ ಕಾವಲು ಕಮಿಟಿ ಮಾಡಿದರು. ಪೊಲೀಸರೂ ಊರಿನವರೂ ಕೈ ಸೇರಿಸಿ ಊರನ್ನು ಕಾಯುವುದಂತೆ.

ಸೀಗೆದೊಡ್ಡಿಯ ಕಮಿಟಿಗೆ ಊರಿನ ಕಂದಾಯ ಎತ್ತುವ ಮಣೇಗಾರ ಸದಾಶಿವಪ್ಪನೇ ಅಧ್ಯಕ್ಷ. ಊರಿನ ಅರ್ಧ ಹೊಲ ಅವನದು. ಅವನ ಭಾವಮೈದ ಪುಟ್ಟಬಸಪ್ಪ ಒಬ್ಬ ಮೆಂಬರು. ಕೇರಿಯಿಂದ ಒಬ್ಬನೇ: ತಳವಾರ ನಾಗಯ್ಯ, ಚಿಕ್ಕತಾಯಿಯ ಗಂಡ.

ನಾಗಯ್ಯನ ಮನೆತನದವರು ಹೆಜ್ಜೆ ಹಿಡಿಯುವವರು. ಕಳವಾದ ಜಾಗದಲ್ಲಿ ನೆಲದ ಮೇಲೆ ಹೆಜ್ಜೆ ಕಂಡರೆ ತಳವಾರ ಅದರ ಮೇಲೆ ಬಿದಿರಿನ ಮಂಕರಿ ಕವುಚುತ್ತಾನೆ. ಅವನ ಹೊರತು ಬೇರೆ ಯಾರೂ ಆ ಮಂಕರಿ ಎತ್ತುವಂತಿಲ್ಲ. ಎತ್ತಿದವನ ಕಾಲಿಗೆ ಆ ಕಳ್ಳತನ ಸುತ್ತಿಕೊಳ್ಳುತ್ತದೆ ಎಂದು ನಂಬಿಕೆ. ಆಮೇಲೆ ತಳವಾರ ಜಾಡು ಹಿಡಿದು ನಡೆಯುತ್ತಾನೆ. ಹೆಸರು ಹೇಳುವಂತಿಲ್ಲ, ನಡೆಯಬೇಕು. ಎಲ್ಲಿ ಹೆಜ್ಜೆ ನಿಲ್ಲುತ್ತದೋ ಅಲ್ಲಿ ಅವನೂ ನಿಲ್ಲುತ್ತಾನೆ. ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ.

ಇನ್ಸ್‌ಪೆಕ್ಟರಿಗೆ ಈ ಸುದ್ದಿ ಕೇಳಿ ಒಂದು ಉಪಾಯ ಹೊಳೆದಿತ್ತು. ಕೇರಿಯ ಗಂಡಸರೆಲ್ಲ ಹಸಿ ಜೇಡಿಯ ಬಿಲ್ಲೆಯ ಮೇಲೆ ಬಲಗಾಲು ಊರಬೇಕು. ಆ ಬಿಲ್ಲೆಗಳನ್ನು ಒಣಗಿಸಿ, ನಂಬರು ಗೀಚಿ, ಚಾವಡಿಯ ಹಲಗೆಯ ಮೇಲೆ ಜೋಡಿಸಿಡಬೇಕು. ಕಳವಾದಾಗ ಹೆಜ್ಜೆಗೂ ಬಿಲ್ಲೆಗೂ ತಾಳೆ ನೋಡಿದರಾಯಿತು.

ಕೇರಿಯವರು ಗೊಣಗಿದರು. ಅವರನ್ನು ಒಪ್ಪಿಸಿದವನು ನಾಗಯ್ಯ.

"ನಾಳ ಏನಾರ ಕಳವಾದ್ರ ಮೊದ್ಲು ನಮ್ ಕೇರಿಗೇ ಅಲ್ವಾ ಬರದು? ಇಡ್ಕಂಡೋಗಿ ಒಡೀತಾರೆ. ಈಗ ನಮ್ ಕಾಲು ಅಲ್ಲಿದ್ರ, ಇದು ಇವರ್ದಲ್ಲ ಅಂತ ಮಣ್ಣೇ ಏಳ್ತದೆ. ಮನ್ಸ ಸುಳ್ಳೇಳ್ತನೆ ಕಣ್ರಪ್ಪಾ. ಎಜ್ಜೆ ಸುಳ್ಳೇಳದಿಲ್ಲ" ಎಂದ.

ಮಹಾದೇವಮ್ಮನ ಗಂಡ ಮುತ್ತಯ್ಯ ಮಾತ್ರ ಸಾಲಿನಲ್ಲಿ ನಿಂತುಕೊಂಡೇ ಕೇಳಿದ: "ಸಾ, ಮೇಲಿನ ಬೀದಿಯೋರ್ ಕಾಲು ಬ್ಯಾಡ್ವಾ?"

"ಅವರು ಯಾಕಪ್ಪಾ ಕದೀತಾರೆ? ಅವರ ಹತ್ರ ಇದೆ" ಎಂದರು ಇನ್ಸ್‌ಪೆಕ್ಟರು.

"ಇರೋರ್ಗೆ ಸಾಕು ಅನ್ನಿಸ್ತದಾ ಸಾ?"

ಯಾರೋ ಕಿಸಕ್ಕನೆ ನಕ್ಕರು. ಸದಾಶಿವಪ್ಪ ಚಾವಡಿಯ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಮುತ್ತಯ್ಯ ಮಾತಲ್ಲಿ ಜಾಣ" ಎಂದಷ್ಟೇ ಹೇಳಿ ಎಲೆ ಮಡಿಸಿದ.

ಮುತ್ತಯ್ಯ ಕಾಲು ಊರಿದ. ಅವನ ಬಲಗಾಲಿಗೆ ಕಿರುಬೆರಳಿಲ್ಲ. ಸದಾಶಿವಪ್ಪನ ಗಾಣದಲ್ಲಿ ದುಡಿಯುವಾಗ ಹೋಗಿತ್ತು. ನಲವತ್ತಮೂರು ಬಿಲ್ಲೆಗಳಲ್ಲಿ ಓದು ಬಾರದವರಿಗೂ ಗುರುತು ಸಿಗುವುದು ಅದೊಂದೇ.

ಬಿಲ್ಲೆಗಳು ಒಣಗುವ ಮೊದಲೇ ಇನ್ನೊಂದು ಆಜ್ಞೆ ಬಂತು. ಕೇರಿಯ ಗಂಡಸರು ಸರದಿಯ ಮೇಲೆ ದಿನಕ್ಕೆ ನಾಲ್ವರಂತೆ ಇರುಳೆಲ್ಲ ಊರು ಸುತ್ತಬೇಕು. ಊರು ಅಂದರೆ ಮೇಲಿನ ಬೀದಿ, ಅಲ್ಲಿಯ ಕಣಗಳು, ಕಣಗಳ ನೆಲದೊಳಗೆ ರಾಗಿ ತುಂಬಿಡುವ ಹಗೇವುಗಳು. ಹಗಲೆಲ್ಲ ಆ ಹಗೇವು ತುಂಬಿಸುವುದಕ್ಕೆ ದುಡಿಯುವುದು, ಇರುಳೆಲ್ಲ ಅದನ್ನೇ ಕಾಯುವುದು. ಕೂಲಿಯ ಮಾತಿಲ್ಲ. ಎರಡು ತಿಂಗಳಲ್ಲಿ ಗಂಡಸರು ನೇಗಿಲ ಮೇಲೇ ತೂಕಡಿಸತೊಡಗಿದರು. ಒಬ್ಬ ಎತ್ತಿನ ಕಾಲಿಗೆ ಸಿಕ್ಕಿ ಮಂಡಿ ಒಡೆದುಕೊಂಡ.

ಮುತ್ತಯ್ಯ ಚಾವಡಿಗೆ ಹೋಗಿ ನೇರವಾಗಿ ಹೇಳಿದ: "ಬುದ್ದಿ, ನಾಳಿಂದ ನಾನು ಬರಾಕಿಲ್ಲ. ಕಾವಲು ಊರೋರ್ದೆಲ್ಲ ಅಂದ್ರಿ. ನಿಮ್ಮೋರೂ ನಾಕ್ ಜನ ಬರ್ಲಿ. ಇಲ್ಲ, ನಮ್ಗೆ ಇರುಳಿಗಿಷ್ಟು ಅಂತ ರಾಗಿ ಅಳೀರಿ."

"ಇದು ಸರ್ಕಾರದ ಕೆಲ್ಸ ಕಣ್ಲಾ ಮುತ್ತಯ್ಯ."

"ಅಗೇವು ಸರ್ಕಾರದ್ದಾ ಬುದ್ದಿ?"

ಮಾರನೆಯ ಇರುಳು ಮುತ್ತಯ್ಯ ಹೋಗಲಿಲ್ಲ. ಅವನನ್ನು ನೋಡಿ ಇನ್ನೊಬ್ಬನೂ ಹೋಗುವುದು ಬಿಟ್ಟ. ವಾರದೊಳಗೆ ಕಾವಲಿಗೆ ಹೋಗುವವನು ತಳವಾರ ನಾಗಯ್ಯ ಒಬ್ಬನೇ.

ಸದಾಶಿವಪ್ಪ ಕೂಗಾಡುತ್ತಾನೆ, ಆಳು ಕಳಿಸಿ ಹೊಡೆಸುತ್ತಾನೆ ಎಂದು ಕೇರಿ ಕಾದಿತ್ತು. ಅವನು ಏನೂ ಮಾಡಲಿಲ್ಲ. ಎದುರಿಗೆ ಸಿಕ್ಕರೆ "ಏನ್ಲಾ ಮುತ್ತಯ್ಯ, ಮಗ ಚೆನ್ನಾಗವ್ನಾ?" ಎಂದು ಕೇಳಿದ. ಬೈಗುಳಕ್ಕೆ ಕೇರಿಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಈ ಮೆದು ಮಾತಿಗೆ ಹೆದರಿದರು. ಮಹಾದೇವಮ್ಮ ಮಗುವಿನ ಹಣೆಗೆ ದಿನಾ ಕಾಡಿಗೆ ಬೊಟ್ಟು ಇಡತೊಡಗಿದಳು.

ಚಾವಡಿ ಗುಡಿಸುವ ಕೆಲಸ ಚಿಕ್ಕತಾಯಿಯದು. ಒಂದು ಬೆಳಿಗ್ಗೆ ಹಲಗೆಯ ಕೆಳಗೆ ಕಸ ಬಳಿಯುವಾಗ ಕಿರುಬೆರಳಿಲ್ಲದ ಬಿಲ್ಲೆ ಅವಳ ಕಣ್ಣಿಗೆ ಬಿತ್ತು. ಉಳಿದವೆಲ್ಲ ಬೂದಿಯ ಬಣ್ಣಕ್ಕೆ ಒಣಗಿದ್ದವು. ಅದೊಂದೇ ತೇವವಾಗಿ ಕಪ್ಪಗಿತ್ತು. ಬೆರಳಿನ ಗುಳಿಗಳಲ್ಲಿ ಎಣ್ಣೆ ಜಿಡ್ಡು, ಹಸಿ ಜೇಡಿಯ ಚೂರು. ಹೆಂಚಿನ ಸಂದಿಯಿಂದ ನೀರು ಸೋರಿರಬೇಕು ಎಂದುಕೊಂಡಳು. ಮಳೆ ಬಂದು ಹದಿನೈದು ದಿನವಾಗಿತ್ತು ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಮನೆಯಲ್ಲಿ ನಡುವಿನ ಮಗುವಿಗೆ ಜ್ವರವಿತ್ತು. ಅವಳ ಜೀವವೆಲ್ಲ ಅಲ್ಲೇ ಇತ್ತು.

ಅದಾದ ಎರಡನೆಯ ದಿನ ಸದಾಶಿವಪ್ಪನ ಕಣದಲ್ಲಿ ಹಗೇವಿನ ಬಾಯಿ ತೆರೆದಿತ್ತು. ಎಂಟು ಮೂಟೆ ರಾಗಿ ಇಲ್ಲ. ಬಾಯಿಯ ಪಕ್ಕದ ಮೆತ್ತನೆಯ ನೆಲದಲ್ಲಿ ಒಂದು ಬಲಗಾಲಿನ ಗುರುತು.

ನಾಗಯ್ಯ ಬಂದು ಮಂಕರಿ ಕವುಚಿದ. ಹೊತ್ತು ನೆತ್ತಿಗೆ ಬರುವಾಗ ಇನ್ಸ್‌ಪೆಕ್ಟರು ಲಾರಿಯಲ್ಲಿ ಬಂದರು. ಚಾವಡಿಯಿಂದ ಬಿಲ್ಲೆಗಳನ್ನು ತರಿಸಿದರು. ಹುಡುಕುವುದಕ್ಕೇನೂ ಇರಲಿಲ್ಲ. ಪುಟ್ಟಬಸಪ್ಪ ಹದಿನೇಳನೆಯ ನಂಬರಿನ, ಕಿರುಬೆರಳಿಲ್ಲದ ಬಿಲ್ಲೆಯನ್ನೇ ಮೇಲೆ ಇಟ್ಟುಕೊಂಡು ಬಂದಿದ್ದ.

ನಾಗಯ್ಯ ಮಂಕರಿ ಎತ್ತಿದ. ಇನ್ಸ್‌ಪೆಕ್ಟರು ಬಿಲ್ಲೆಯನ್ನು ಗುರುತಿನ ಪಕ್ಕ ಇಟ್ಟರು. ನಾಲ್ಕು ಬೆರಳು ಇಲ್ಲಿ, ನಾಲ್ಕು ಬೆರಳು ಅಲ್ಲಿ. ಹಿಮ್ಮಡಿಯ ಸೀಳೂ ಒಂದೇ.

"ಇದು ಯಾರ ಕಾಲು? ಹೇಳಪ್ಪಾ."

ತಲೆತಲಾಂತರದಿಂದ ಬಂದ ವಾಡಿಕೆ ನಾಗಯ್ಯನ ನಾಲಿಗೆಯನ್ನು ಹಿಡಿದಿತ್ತು.

"ನೀನು ಕಮಿಟಿ ಮೆಂಬರ್. ನಾಚಿಕೆ ಯಾಕೆ? ಇದೂ ಅದೂ ಒಂದೇ ಕಾಲು ಹೌದೋ ಅಲ್ಲವೋ?"

ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ. ಕಣ್ಣಿಗೆ ಕಂಡದ್ದು ಒಂದೇ ಕಾಲು. "ಔದು ಸಾ. ಮುತ್ತಯ್ಯನ್ ಕಾಲೇಯ" ಎಂದುಬಿಟ್ಟ.

ನಡೆದು ನೋಡುವ ಮೊದಲೇ ಅವನು ಹೆಸರು ಹೇಳಿದ್ದ. ದಫೇದಾರ ಮಹಜರು ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡ.

ಹೊಲದಿಂದ ಎಳೆದು ತಂದ ಮುತ್ತಯ್ಯನ ಕೈಗೆ ಹಗ್ಗ ಬಿತ್ತು. ಮಹಾದೇವಮ್ಮ ಮಗುವನ್ನು ನೆಲಕ್ಕೆ ಇಳಿಸಿ ಇನ್ಸ್‌ಪೆಕ್ಟರ ಕಾಲು ಹಿಡಿಯಲು ಹೋದಳು. ಪೇದೆಯೊಬ್ಬ ಅವಳನ್ನು ದೂಡಿದ. ಮುತ್ತಯ್ಯ ಯಾರನ್ನೂ ಬೈಯಲಿಲ್ಲ. ನಾಗಯ್ಯನನ್ನು ಮಾತ್ರ ನೋಡಿದ.

"ನನ್ ಕಾಲು ಎಲ್ಲೆಲ್ಲಿ ಓಗಿತ್ತು ಅಂತ ನಂಗೊತ್ತಿಲ್ವಾ ನಾಗಣ್ಣಾ? ಇಲ್ಲಿಗ್ ಬಂದಿಲ್ಲ ಕಣಣ್ಣ."

ಅವರು ಮುತ್ತಯ್ಯನನ್ನು ಲಾರಿಗೆ ಹತ್ತಿಸುತ್ತಿದ್ದಾಗ ನಾಗಯ್ಯ ಅಭ್ಯಾಸಬಲದಿಂದ ಬಗ್ಗಿ ಜಾಡು ನೋಡತೊಡಗಿದ. ಎರಡು ಮಾರು ದೂರದಲ್ಲಿ ಇನ್ನೊಂದು ಗುರುತು. ಅದೂ ಬಲಗಾಲೇ. ಅದರಾಚೆ ಮತ್ತೊಂದು. ಅದೂ ಬಲಗಾಲೇ. ಎಡಗಾಲು ಎಲ್ಲೂ ಇಲ್ಲ. ಮೊದಲ ಗುರುತಿನ ಬಳಿಗೆ ಓಡಿ ಬಂದು ಮಂಡಿಯೂರಿ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದ.

"ಸಾ! ಒಂದ್ ನಿಮ್ಸ ಸಾ! ಈ ಕಾಲು ನಡ್ದಿಲ್ಲ ಸಾ!"

"ಏನು?"

"ನಡೆಯೋನು ಇಮ್ಮಡಿ ಊರಿ, ಎಬ್ಬೆಟ್ಟಲ್ಲಿ ಮಣ್ಣ ಇಂದಕ್ ತಳ್ತನೆ ಸಾ. ಮೂಟೆ ಒತ್ತಿದ್ರ ಇನ್ನೂ ಆಳಕ್ ಓಯ್ತದೆ. ಇದು ಎಲ್ಲಾ ಕಡೆ ಒಂದೇ ಸಮ ಅದೆ. ಮೇಲಿಂದ ಒತ್ತವ್ರೆ."

ಸದಾಶಿವಪ್ಪ ನಿಧಾನವಾಗಿ ಹತ್ತಿರ ಬಂದ. "ಬಿಸ್ಲು ಜಾಸ್ತಿ ಆಗದೆ ನಾಗಯ್ಯಂಗೆ. ಓಗಿ ಮಲಿಕ್ಕೊ ಓಗ್ಲಾ."

"ಮಹಜರ್ ಮುಗಿದೋಯ್ತು" ಎಂದರು ಇನ್ಸ್‌ಪೆಕ್ಟರು. "ನಿನ್ನ ಹೆಬ್ಬೆಟ್ಟು ಇದೆ. ಮಾತು ತಿರುಗಿಸಿದರೆ ಮೊದಲು ಒಳಗೆ ಹೋಗೋನು ನೀನು. ನಾಳಿದ್ದು ಕೊಳ್ಳೇಗಾಲದ ಕೋರ್ಟಿಗೆ ಬಂದು ಇದನ್ನೇ ಹೇಳಬೇಕು, ತಿಳಿಯಿತಾ?"

ಲಾರಿ ಹೋಯಿತು. ನಾಗಯ್ಯ ಆ ಗುರುತಿನ ಮೇಲೆ ಮತ್ತೆ ಮಂಕರಿ ಕವುಚಿ ಮನೆಗೆ ಬಂದ.

ಸಂಜೆ ಅವನು ಬೀಸುವ ಕಲ್ಲಿನ ಪಕ್ಕ ಕುಳಿತಿದ್ದ. ಮುಂದಿಟ್ಟ ಮುದ್ದೆ ಆರಿ ಬಿರುಕು ಬಿಟ್ಟಿತ್ತು. ಚಿಕ್ಕತಾಯಿ ಮಗುವನ್ನು ತೊಡೆಯ ಮೇಲೆ ಹಾಕಿ ತಟ್ಟುತ್ತ ಕೇಳಿದಳು: "ಉಣ್ಣು. ಯಾಕ್ ಉಣ್ಣಾಕಿಲ್ಲ?"

"ಮಾದೇವಮ್ಮ ಉಂಡ್ಲಾ?"

"ಅವ್ಳು ಮೊಲೆ ಕೊಟ್ರ ಕೂಸು ಕುಡೀತಿಲ್ಲ. ಆಲೇ ಇಳೀತಿಲ್ಲ ಅವ್ಳಿಗೆ."

ನಾಗಯ್ಯ ಹೆಬ್ಬೆಟ್ಟಿನ ಮಸಿಯನ್ನು ಕಲ್ಲಿಗೆ ಉಜ್ಜಿದ. ಹೋಗಲಿಲ್ಲ. ಆಗ ಎಲ್ಲವನ್ನೂ ಹೇಳಿದ. ಮುತ್ತಯ್ಯನ ಕಾಲೇ ಅದು, ಆದರೆ ಮುತ್ತಯ್ಯ ಬಂದಿಲ್ಲ. ಕಾಲು ಒಂದೇ ಬಂದಿದೆ. ಅದು ಹೇಗೆ ಎಂದು ಅವನ ಬುದ್ಧಿಗೆ ಹತ್ತುತ್ತಿಲ್ಲ.

ಮಗುವನ್ನು ತಟ್ಟುತ್ತಿದ್ದ ಚಿಕ್ಕತಾಯಿಯ ಕೈ ನಿಂತಿತು.

"ಬಿಲ್ಲೆ ತ್ಯಾವ ಆಗಿತ್ತು" ಎಂದಳು.

"ಯಾವ್ ಬಿಲ್ಲೆ?"

"ಮುತ್ತಯ್ಯಂದು. ಎಣ್ಣೆ ಸವರಿದ್ರು ಅದ್ಕೆ. ಅಯ್ಯೋ ನನ್ ಕಣ್ಗೆ ಬೆಂಕಿ ಆಕ! ಸಂಕ್ರಾಂತಿ ಬಂದ್ರ ಅವ್ರ ಮನ್ಲಿ ಸಕ್ರೆ ಅಚ್ಚು ಎರೀತಾರಲ್ಲ. ಆ ಮರದಚ್ಚ ಇತ್ಲಲ್ಲಿ ತೊಳೆಯೋಳು ನಾನೇ ಅಲ್ವಾ? ಗುಳಿಗೆ ಪಾಕ ಉಯ್ದ್ರ ಆನೆ ಬತ್ತದೆ, ಗಿಣಿ ಬತ್ತದೆ. ಅಂಗೇಯ ಕಾಲ ಎರ್ದವ್ರೆ ಕಣಾ. ಬಿಲ್ಲೆ ಒಳ್ಗ ಜೇಡಿ ತುಂಬಿ ಎತ್ತಿದ್ರ ಮುತ್ತಯ್ಯನ ಅಂಗಾಲು ಬತ್ತದೆ. ಒಣಗ್ಸಿ ತಕಂಡೋಗಿ ನೆಲಕ್ ಒತ್ತವ್ರೆ."

ನಾಗಯ್ಯ ಮಗು ಎಚ್ಚರಾಗದ ಹಾಗೆ ಬಾಯಿಗೆ ಟವೆಲು ಒತ್ತಿಕೊಂಡು ಅತ್ತ.

"ನಾನೇ ತುಳ್ಸಿದ್ದು ಎಲ್ರ ಕೈಲೂವೆ" ಎಂದ. "ನಲವತ್ಮೂರ್ ಜನ. ಇವತ್ ಮುತ್ತಯ್ಯ. ನಾಳ ಯಾರ್ ಎದುರು ಮಾತಾಡಿದ್ರೂ ಅವ್ನ ಕಾಲು ಅವ್ರ ಹತ್ರ ಅದೆ. ಎಲ್ ಬೇಕೋ ಅಲ್ಲಿಗ್ ಕರ್ಕಂಡೋಯ್ತರೆ."

"ಕೋರ್ಟಲ್ಲಿ ಏಳು."

"ಯಾರ್ ನಂಬ್ತರೆ? ಎಬ್ಬೆಟ್ ಕೊಟ್ಟೋನು ನಾನು. ಆ ಗುರುತ ಜಡ್ಜು ಕಣ್ಣಾರ ನೋಡಿದ್ರ ಮಾತು. ಮಂಕರಿ ತೆಗ್ದು ತೋರ್ಸಿದ್ರ ಚಿಕ್ ಮಗಿಗೂ ಗೊತ್ತಾಯ್ತದೆ. ಅವರೇನ್ ಇಲ್ಲೀಗಂಟ ಬಂದರಾ?"

"ಅಂಗಾದ್ರ ಅದ್ನೇ ಅಲ್ಲಿಗ್ ತಕಂಡೋಗದು."

"ಎಜ್ಜೆ ಏನ್ ಕುಂಬಳಕಾಯಾ, ತಲೆ ಮೇಲಿಟ್ಕಂಡು ಓಗಾಕೆ?"

ಅಳುತ್ತಿದ್ದವನು ಅಷ್ಟರ ನಡುವೆಯೂ ನಕ್ಕ. ಚಿಕ್ಕತಾಯಿ ನಗಲಿಲ್ಲ. ಬಾಗಿಲ ಹಲಗೆಯ ಕಡೆ ನೋಡುತ್ತಿದ್ದಳು.

ಬೆಳಗಾಗುತ್ತಲೇ ಮಣೇಗಾರನ ಆಳು ಮಾದಸ್ವಾಮಿ ಕೇರಿಗೆ ಬಂದು ಕೂಗಿದ: "ಯೆಂಗಸ್ರೆಲ್ಲ ಸಗಣಿ ತಕಂಡು ಕಣಕ್ ಬರ್ಬೇಕಂತೆ. ಕಣ ಸಾರಿಸ್ಬೇಕಂತೆ. ಒಂದ್ ಮೂಲೇನೂ ಬುಡಂಗಿಲ್ಲ, ಬುದ್ದಿ ಏಳವ್ರೆ."

ಒಕ್ಕಣೆ ಮುಗಿದು ತಿಂಗಳಾಗಿತ್ತು. ಸುಗ್ಗಿಯಿಲ್ಲದ ಕಾಲದಲ್ಲಿ ಯಾರು ಕಣ ಸಾರಿಸುತ್ತಾರೆ? ತಾನೇ ಮಂಕರಿ ಎತ್ತಿ ಗುರುತು ಅಳಿಸುವುದಕ್ಕೆ ಸದಾಶಿವಪ್ಪನಿಗೂ ಭಯ. ಕಾಲಿಗೆ ಸುತ್ತಿಕೊಳ್ಳುವುದು ಕೇರಿಯ ಹೆಂಗಸರಿಗೆ ಸುತ್ತಿಕೊಳ್ಳಲಿ ಎಂದು ಅವನ ಲೆಕ್ಕ.

ಹೆಂಗಸರು ಸಗಣಿಯ ಬುಟ್ಟಿ ಹೊತ್ತು ಹೊರಟರು. ದಾರಿಯಲ್ಲಿ ಚಿಕ್ಕತಾಯಿ ಒಬ್ಬೊಬ್ಬಳ ಪಕ್ಕ ನಡೆದು ಹೇಳಬೇಕಾದದ್ದನ್ನು ಹೇಳಿದಳು. ಒಬ್ಬಳು "ನನ್ ಗಂಡನ್ ಕಾಲೂ ಅಲ್ಲದೆ ಕಣವ್ವಾ" ಎಂದು ಎದೆ ಹಿಡಿದುಕೊಂಡಳು.

ಅವರು ಕಣವನ್ನು ಅಚ್ಚುಕಟ್ಟಾಗಿ ಸಾರಿಸಿದರು. ಮಂಕರಿಯ ಸುತ್ತ ಮೂರು ಮೊಳ ಬಿಟ್ಟರು. ಆಮೇಲೆ ಮಂಕರಿಯ ಸುತ್ತ ಬೆನ್ನು ಕೊಟ್ಟು ಕುಳಿತರು, ಒಬ್ಬಳ ಭುಜಕ್ಕೆ ಇನ್ನೊಬ್ಬಳ ಭುಜ ತಾಗಿಸಿ. ಮಹಾದೇವಮ್ಮ ಮಗುವಿಗೆ ಮೊಲೆ ಕೊಟ್ಟುಕೊಂಡೇ ಕುಳಿತಳು.

ಸದಾಶಿವಪ್ಪ ಬಂದ. "ಏನಿದು, ಬಾಣಂತಿ ಮನೆ ಮಾಡ್ಕಂಡವ್ರಾ ನನ್ ಕಣನ? ಏಳ್ರೇ. ಅಲ್ಲೊಂದು ಉಳೀತು, ಸಾರ್ಸಿ."

"ಮಂಕರಿ ಅದೆ ಬುದ್ದಿ" ಎಂದಳು ಚಿಕ್ಕತಾಯಿ.

"ಎತ್ತಾಕು."

"ನೀವೇ ಎತ್ತಿ ಬುದ್ದಿ. ನಿಮ್ ಕಣ, ನಿಮ್ ರಾಗಿ. ನಾವ್ ಜರುಗ್ತೀವಿ, ಬನ್ನಿ."

ಹೆಂಗಸರು ಒಂದು ಆಳು ಹೋಗುವಷ್ಟು ಜಾಗ ಬಿಟ್ಟರು. ಸದಾಶಿವಪ್ಪ ಒಂದು ಹೆಜ್ಜೆ ಮುಂದೆ ಬಂದ. ನಿಂತ. ಹಣೆಯ ವಿಭೂತಿಯ ಮೇಲೆ ಬೆವರಿನ ಗೆರೆ ಮೂಡಿತು. ಪುಟ್ಟಬಸಪ್ಪನನ್ನು ನೋಡಿದ. ಪುಟ್ಟಬಸಪ್ಪ ಬೇರೆ ಕಡೆ ನೋಡಿದ.

"ಇವತ್ತಿಂದ ಕೇರೀಗೆ ಕೂಲಿ ಇಲ್ಲ" ಎಂದ ಸದಾಶಿವಪ್ಪ. ದನಿ ಏರಿಸಲಿಲ್ಲ. "ತಳವಾರ್ಕೆ ಮಾನ್ಯದ ಒಲ ಇವತ್ತೇ ಬೇರೆಯೋರ್ಗೆ ಬರ್ದಾಕ್ತೀನಿ. ಸಂಜೆಗೆ ನಿಮ್ ಕೇರೀಲಿ ಎಷ್ಟ್ ಒಲೆ ಉರೀತಾವೋ ನೋಡ್ತೀನಿ."

"ನಮ್ ಒಲೆ ಉರೀದಿರೋದು ನಮ್ಗೇನ್ ಒಸ್ದಾ ಬುದ್ದಿ?" ಎಂದಳು ಚಿಕ್ಕತಾಯಿ. ಹೇಳುವಾಗ ಮನೆಯಲ್ಲಿ ಮಲಗಿಸಿ ಬಂದ ಜ್ವರದ ಮಗು ನೆನಪಾಯಿತು. ಆದರೂ ಮಾತನ್ನು ಪೂರ್ತಿ ಹೇಳಿದಳು.

ಆಗ ನಾಗಯ್ಯ ಬಂದ. ಹೆಗಲ ಮೇಲೆ ತನ್ನ ಮನೆಯ ಬಾಗಿಲ ಹಲಗೆ, ಕೈಯಲ್ಲಿ ಸನಿಕೆ. ಅವನ ಹಿಂದೆ ಕೇರಿಯ ಗಂಡಸರು, ಹೊಲಕ್ಕೆ ಹೋಗದೆ. ನಾಗಯ್ಯ ಯಾರ ಮುಖವನ್ನೂ ನೋಡಲಿಲ್ಲ. ಮಂಕರಿ ಎತ್ತಿದ. ಗುರುತಿನ ಸುತ್ತ ಒಂದು ಗೇಣು ಬಿಟ್ಟು ನಾಲ್ಕೂ ಕಡೆ ಸನಿಕೆ ಇಳಿಸಿದ. ವರ್ಷವರ್ಷವೂ ಇದೇ ಹೆಂಗಸರು ಸಾರಿಸಿ ಸಾರಿಸಿ ಮೇಲಿನ ಮೆತ್ತನೆಯ ಪದರದ ಅಡಿಯಲ್ಲಿ ಗಟ್ಟಿಯಾಗಿದ್ದ ನೆಲ, ರೊಟ್ಟಿಯ ಹಾಗೆ ಒಂದೇ ಹೋಳಾಗಿ ಎದ್ದಿತು. ಉಸಿರು ಬಿಗಿಹಿಡಿದು ಅದನ್ನು ಹಲಗೆಗೆ ಜಾರಿಸಿದರು. ಅದರ ಮೇಲೆ ಮಂಕರಿ, ಮಂಕರಿಯ ಮೇಲೆ ಚಿಕ್ಕತಾಯಿಯ ಇನ್ನೊಂದು ಸೀರೆ. ಅವಳಿಗೆ ಇದ್ದದ್ದು ಎರಡೇ.

"ಲೇ ನಾಗಯ್ಯ" ಎಂದ ಸದಾಶಿವಪ್ಪ. "ಎಬ್ಬೆಟ್ಟು ಕೊಟ್ಟಿದ್ದೀಯೆ."

"ಎಬ್ಬೆಟ್ಟು ಸುಳ್ಳೇಳ್ಬುಡ್ತು ಬುದ್ದಿ. ಬಾಯಿ ಏಳಾಕ್ ಓಯ್ತಾ ಅದೆ" ಎಂದ ನಾಗಯ್ಯ.

ಪುಟ್ಟಬಸಪ್ಪ ಸೈಕಲ್ಲು ಹತ್ತಿ ಎಲಚಿಪಾಳ್ಯದ ಕಡೆ ತುಳಿದದ್ದನ್ನು ಎಲ್ಲರೂ ಕಂಡರು.

ಕೊಳ್ಳೇಗಾಲಕ್ಕೆ ಎಂಟು ಹರದಾರಿ. ಗಂಡಸರು ಹಲಗೆ ಹೊರುತ್ತೇವೆ ಎಂದರು. ಚಿಕ್ಕತಾಯಿ ಬಿಡಲಿಲ್ಲ. "ನಿಮ್ ನಡ್ಗೆ ಕುಲುಕ್ತದೆ. ಬಿರುಕು ಬುಟ್ಟದು. ತುಂಬಿದ್ ಬಿಂದ್ಗೆ ಒತ್ತು ತುಳುಕ್ಸ್ದೆ ನಡೆಯೋರು ನಾವು" ಎಂದಳು. ನಾಲ್ವರು ಹೆಂಗಸರು ಹಲಗೆಯ ನಾಲ್ಕು ಮೂಲೆಗೆ ಹೆಗಲು ಕೊಟ್ಟರು. ಜ್ವರದ ಮಗುವನ್ನು ನಾಗಯ್ಯ ಮನೆಯಿಂದ ಎತ್ತಿ ತಂದು ಬೆನ್ನಿಗೆ ಕಟ್ಟಿಕೊಂಡ.

ಬೆಟ್ಟದ ಕಡೆಯಿಂದ ಮೋಡ ಏಳುತ್ತಿತ್ತು. ಗಾಳಿಗೆ ಸೀರೆ ಪಟಪಟ ಅಂದಾಗಲೆಲ್ಲ ಹೆಂಗಸರು ಹಲಗೆಗೆ ಇನ್ನಷ್ಟು ಒತ್ತಿಕೊಂಡು ಗಾಳಿಗೆ ಬೆನ್ನು ಕೊಟ್ಟರು. ಮೊದಲ ಹರದಾರಿ ಮುಗಿಯುವಷ್ಟರಲ್ಲಿ ಎರಡು ಹನಿ ಬಿತ್ತು. ಮಹಾದೇವಮ್ಮ ಮಗುವಿನ ಮೈಗೆ ಸುತ್ತಿದ್ದ ದುಪ್ಪಟಿಯನ್ನು ಬಿಚ್ಚಿ ಮಂಕರಿಗೆ ಹೊದಿಸಿದಳು. ಮಗುವನ್ನು ಸೆರಗಿನೊಳಗೆ ಇಟ್ಟುಕೊಂಡಳು.

ದಾರಿಯ ಪಕ್ಕದ ದೊಡ್ಡಿಯೂರುಗಳಿಂದ ಜನ ಬಂದು ಕೇಳಿದರು. "ಏನವ್ವಾ ಅದು, ಎಣವಾ?"

"ಎಣ ಅಲ್ಲ ಕಣಪ್ಪ. ಮುತ್ತಯ್ಯನ್ ಕಾಲು. ಅವ್ನ ಬುಟ್ಟು ಅದೊಂದೇ ಕಳ್ಳತನಕ್ ಓಗಿತ್ತಂತೆ" ಎಂದಳು ಚಿಕ್ಕತಾಯಿ.

ಮೊದಲು ನಕ್ಕರು. ಆಮೇಲೆ ನಾಗಯ್ಯ ಬಿಡಿಸಿ ಹೇಳಿದ. ನಗು ನಿಂತಿತು. ಆ ದೊಡ್ಡಿಗಳಲ್ಲೂ ಕಮಿಟಿ ಇತ್ತು. ಅಲ್ಲಿನ ಚಾವಡಿಗಳಲ್ಲೂ ಹಲಗೆಯ ಮೇಲೆ ಸಾಲಾಗಿ ಬಿಲ್ಲೆಗಳಿದ್ದವು. ಮಂಟೇಸ್ವಾಮಿ ಎಂಬ ಮುದುಕ ತನ್ನ ಬಲಗಾಲನ್ನು ತಾನೇ ಒಮ್ಮೆ ನೋಡಿಕೊಂಡ. ಕೈಯಲ್ಲಿದ್ದ ಕುಡುಗೋಲನ್ನು ಬೇಲಿಗೆ ಸಿಕ್ಕಿಸಿ ಹಿಂದೆ ನಡೆದು ಬಂದ. ಅವನ ಸೊಸೆ ಬಂದಳು. ಅವರ ಪಕ್ಕದ ಮನೆಯವರು ಬಂದರು.

ಎಲಚಿಪಾಳ್ಯದ ಹೊರಠಾಣೆಯ ಮುಂದೆ ರಸ್ತೆಗೆ ಅಡ್ಡವಾಗಿ ಲಾರಿ ನಿಂತಿತ್ತು. ಆರು ಜನ ಪೇದೆಗಳು ಲಾಠಿ ಹಿಡಿದು ಸಾಲುಗಟ್ಟಿದ್ದರು. ಇನ್ಸ್‌ಪೆಕ್ಟರು ನಡುವೆ. ಪುಟ್ಟಬಸಪ್ಪನ ಸೈಕಲ್ಲು ಗೋಡೆಗೆ ಒರಗಿತ್ತು. ಒಳಗೆಲ್ಲೋ ಮುತ್ತಯ್ಯ ಇದ್ದ. ಕೆಮ್ಮು ಕೇಳಿಸಿತು. ಕೇಳಿದ ಕೂಡಲೇ ಮಹಾದೇವಮ್ಮನಿಗೆ ಅದು ಅವನದೇ ಎಂದು ಗೊತ್ತಾಯಿತು.

"ಕೆಳಗೆ ಇಡಿ" ಎಂದರು ಇನ್ಸ್‌ಪೆಕ್ಟರು.

ಹೆಂಗಸರು ನಿಂತರು. ಹಲಗೆ ಇಳಿಸಲಿಲ್ಲ.

"ಅದು ಪೊಲೀಸ್ ಕೇಸಿನ ಮಾಲು. ನಾಗಯ್ಯಾ, ನಿನಗೆ ಕೊನೇ ಸಲ ಹೇಳ್ತೀನಿ. ಇಡಿಸು."

ನಾಗಯ್ಯ ಬೆನ್ನಿನ ಮಗುವನ್ನು ಸರಿಮಾಡಿಕೊಂಡ. "ಜಡ್ಜು ಮುಂದೆ ಇಡ್ತೀವಿ ಸಾ. ನೀವೂ ಬನ್ನಿ."

"ಒಬ್ಬರು ಮುಂದೆ ಬಂದರೂ ಎಲ್ಲರನ್ನೂ ಒಳಗೆ ಹಾಕ್ತೀನಿ. ಹೆಂಗಸು, ಮಗು ಅಂತ ನೋಡಲ್ಲ."

ಚಿಕ್ಕತಾಯಿ ಹೆಗಲ ಮೇಲಿನ ಮೂಲೆಯನ್ನು ಕೈಯಿಂದ ಗಟ್ಟಿಯಾಗಿ ಹಿಡಿದು, ಕತ್ತು ತಿರುಗಿಸಿ ಹಿಂದೆ ನೋಡಿದಳು. ಸೀಗೆದೊಡ್ಡಿಯಿಂದ ಹೊರಟಾಗ ನಲವತ್ತು ಜನರಿದ್ದರು. ಈಗ ರಸ್ತೆ ತಿರುಗುವ ಹುಣಸೇಮರದವರೆಗೂ ತಲೆಗಳು ಕಾಣುತ್ತಿದ್ದವು. ಮರದ ಆಚೆಯಿಂದಲೂ ಯಾರೋ ಬರುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ.

ಅವಳು ಠಾಣೆಯ ಆ ಸಣ್ಣ ಕಟ್ಟಡವನ್ನು ನೋಡಿದಳು. ಮಕ್ಕಳಿಗೆ ಊಟ ಬಡಿಸುವ ಮೊದಲು ಮಡಕೆಯೊಳಗೆ ಎಷ್ಟಿದೆ ಎಂದು ನೋಡುವ ಹಾಗೆ.

"ಒಳಗ ಎಷ್ಟ್ ಜನಕ್ಕ ಜಾಗ ಅದೆ ಸಾ?" ಎಂದು ಕೇಳಿದಳು.

ಇನ್ಸ್‌ಪೆಕ್ಟರು ಕೈ ಎತ್ತಿದರು. ಆರು ಲಾಠಿಗಳೂ ಎದ್ದವು. ನಾಲ್ವರು ಹೆಂಗಸರು ಹಲಗೆಯನ್ನು ಮಟ್ಟಸವಾಗಿ ಹಿಡಿದು ಮುಂದಕ್ಕೆ ನಡೆದರು.